ಬಾಡು ಬಿಟ್ಟ ಮೇಷ್ಟ್ರು: ಒಂದು ಪ್ರಕರಣ

ನಾನು ಮೈಸೂರಿನಲ್ಲಿ ಆಹಾರ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರು. ಈಚೆಗೆ ಮಾಂಸ, ಮೊಟ್ಟೆ ಬಿಟ್ಟವರು, ಹಾಲನ್ನೂ ಬಿಟ್ಟವರು ಬರುವುದು ಜಾಸ್ತಿಯಾಗಿದೆ. ಅವರಲ್ಲಿ ಒಬ್ಬರ ಕತೆಯನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತೇನೆ. ಇದರಲ್ಲಿ ನನ್ನ ಎರಡು ತಪ್ಪುಗಳೂ ಇವೆ. ಅವನ್ನು ಮುಚ್ಚಿಟ್ಟು ಬರೆದರೆ ಯಾರಿಗೂ ಪ್ರಯೋಜನವಿಲ್ಲ.

ಹಿನ್ನೆಲೆ

ಮೇಷ್ಟ್ರಿಗೆ 47 ವರ್ಷ. ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಪ್ರೌಢಶಾಲೆಯಲ್ಲಿ ಪಾಠ, ಜೊತೆಗೆ ಸ್ವಲ್ಪ ಗದ್ದೆ, ಎರಡು ಹಸು. ಹಸು ನೋಡಿಕೊಳ್ಳುವುದು ಹೆಂಡತಿ, ಡೈರಿಗೆ ಹಾಕುವ ಹಾಲಿನ ದುಡ್ಡೂ ಅವರದೇ. ಮನೆಯಲ್ಲಿ ವಯಸ್ಸಾದ ತಾಯಿ, ಮಗಳು, ಮಗ. ಪಕ್ಕದ ಮನೆ ತಮ್ಮನದು. ಮೇಷ್ಟ್ರಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಈ ಮಾತ್ರೆಯ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಊಟ ಆ ಕಡೆಯ ಎಲ್ಲರ ಮನೆಯ ಊಟವೇ. ಮುದ್ದೆ, ಸಾರು, ಸ್ವಲ್ಪ ಅನ್ನ. ಭಾನುವಾರ ಮಟನ್, ಬುಧವಾರ ಕೋಳಿ, ದಿನಾ ಬೆಳಗ್ಗೆ ಎರಡು ಮೊಟ್ಟೆ. ಸೋಮವಾರ, ಶನಿವಾರ ಮುಟ್ಟುತ್ತಿರಲಿಲ್ಲ. ಶ್ರಾವಣದಲ್ಲಿ ತಿಂಗಳಿಡೀ ಇಲ್ಲ. ಮೇಷ್ಟ್ರಿಗೆ ಧೈರ್ಯ ಕೊಟ್ಟಿದ್ದೇ ಈ ಶ್ರಾವಣ. ಪ್ರತಿ ವರ್ಷ ಒಂದು ತಿಂಗಳು ಬಿಟ್ಟಿರುವವನಿಗೆ ಪೂರ್ತಿ ಬಿಡೋದು ಏನು ಕಷ್ಟ ಅಂದುಕೊಂಡರು.

ಆದರೆ ಶ್ರಾವಣದಲ್ಲಿ ಇಡೀ ಮನೆ ಬಿಡುತ್ತದೆ, ಊರಿನ ಅರ್ಧ ಜನ ಬಿಡುತ್ತಾರೆ, ಒಲೆ ಮೇಲೆ ಒಂದೇ ಸಾರು ಇರುತ್ತದೆ, ತಿಂಗಳು ಮುಗಿದರೆ ಮುಗಿಯಿತು. ಇಲ್ಲಿ ಬಿಡಬೇಕಿದ್ದದ್ದು ಇವರೊಬ್ಬರೇ, ಅದೂ ಕೊನೆಯಿಲ್ಲದ ಹಾಗೆ.

2023ರ ಯುಗಾದಿಯ ಹೊಸತೊಡಕಿನ ಮಾರನೆಯ ದಿನ ಮಾಂಸ, ಮೊಟ್ಟೆ ಬಿಟ್ಟರು. ಎರಡು ತಿಂಗಳ ಮೇಲೆ ಫೋನಿನಲ್ಲಿ ಏನೋ ವಿಡಿಯೋ ನೋಡಿ ಹಾಲು, ಮೊಸರು, ತುಪ್ಪವನ್ನೂ ಬಿಟ್ಟರು. ಕಾರಣ ಕೇಳಿದವರಿಗೆಲ್ಲ ಒಂದೇ ಉತ್ತರ: ತಮ್ಮನಿಗೆ 43ನೇ ವಯಸ್ಸಿಗೇ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು, ನನಗೂ ಹಾಗಾಗಬಾರದು. ನನಗೂ ಅದನ್ನೇ ಹೇಳಿದರು. ನಾನೂ ನಂಬಿದೆ.

ತೊಂದರೆ ಕಂಡಿದ್ದು ಎಲ್ಲಿ

ನನ್ನ ಹತ್ತಿರ ಮೊದಲು ಬಂದದ್ದು 2024ರ ಜನವರಿಯಲ್ಲಿ. ಬಿಟ್ಟು ಹತ್ತು ತಿಂಗಳಾಗಿತ್ತು. ಸುಸ್ತು, ಮಧ್ಯಾಹ್ನದ ಪಾಠದ ಹೊತ್ತಿಗೆ ಕಣ್ಣು ಎಳೆಯುವುದು. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಮೊದಲು 7.2 ಇದ್ದದ್ದು 8.3 ಆಗಿತ್ತು. ಮಾಂಸ ಬಿಟ್ಟರೆ ಸಕ್ಕರೆ ಇಳಿಯಬೇಕಲ್ವಾ ಮೇಡಂ, ಏರಿದ್ದು ಹೇಗೆ ಅಂತ ಅವರ ಪ್ರಶ್ನೆ.

ಹಿಂದಿನ ದಿನ ಏನೇನು ತಿಂದಿರಿ, ಬಿಡದೆ ಹೇಳಿ ಅಂದೆ. ಬೆಳಗ್ಗೆ ನಾಲ್ಕು ಇಡ್ಲಿ, ಚಟ್ನಿ. ಶಾಲೆಯಲ್ಲಿ ಹಾಲಿಲ್ಲದ ಟೀ, ಬಿಸ್ಕತ್ತು. ಮಧ್ಯಾಹ್ನ ಅನ್ನ, ತಿಳಿಸಾರು, ಹಪ್ಪಳ. ಸಂಜೆ ಮೆಣಸಿನಕಾಯಿ ಬಜ್ಜಿ. ರಾತ್ರಿ ಮತ್ತೆ ಅನ್ನ, ಆಲೂಗಡ್ಡೆ ಪಲ್ಯ. ಮುದ್ದೆ ಎಲ್ಲಿ ಹೋಯಿತು ಅಂದೆ. ತಿಳಿಸಾರಿಗೆ ಮುದ್ದೆ ಇಳಿಯಲ್ಲ ಮೇಡಂ, ಗಂಟಲಲ್ಲೇ ನಿಲ್ಲುತ್ತೆ ಅಂದರು.

ಇಡೀ ಪ್ರಕರಣ ಈ ಒಂದು ಮಾತಿನಲ್ಲಿದೆ ಅಂತ ನನಗೆ ಈಗಲೂ ಅನಿಸುತ್ತದೆ. ಅವರು ಬಿಟ್ಟದ್ದು ಮಾಂಸ ಒಂದನ್ನೇ ಅಂದುಕೊಂಡಿದ್ದರು. ಅದರ ಜೊತೆಗೆ ಗಟ್ಟಿ ಸಾರು ಹೋಯಿತು, ಸಾರಿನ ಜೊತೆ ಮುದ್ದೆ ಹೋಯಿತು, ಖಾಲಿಯಾದ ಜಾಗಕ್ಕೆಲ್ಲ ಅನ್ನ ಬಂದು ಕೂತಿತು. ಹೊಟ್ಟೆ ಬೇಗ ಹಸಿಯುತ್ತಿತ್ತು, ಅದಕ್ಕೆ ಬಜ್ಜಿ, ಬಿಸ್ಕತ್ತು. ಬೆಳೆದ ಒಬ್ಬ ಮನುಷ್ಯನಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಅನ್ನುವುದು ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕ. ಮೇಷ್ಟ್ರ ತೂಕ 72 ಕೆಜಿ, ಅಂದರೆ ಸುಮಾರು 60 ಗ್ರಾಂ. ನಾನು ಕೂಡಿ ನೋಡಿದಾಗ 40 ಕೂಡ ದಾಟಲಿಲ್ಲ.

ಇಷ್ಟು ತಿಳಿದ ಮೇಲೆ ನಾನು ಮೊದಲ ತಪ್ಪು ಮಾಡಿದೆ. ದಿನಾ ಎರಡು ಮೊಟ್ಟೆ ತಿನ್ನೋಕೆ ಶುರು ಮಾಡಿ, ಅರ್ಧ ತೊಂದರೆ ಅಲ್ಲೇ ಹೋಗುತ್ತೆ ಅಂದೆ. ಯಾಕೆ ಬಿಟ್ಟಿರಿ ಅಂತ ಇನ್ನೊಂದು ಸಲ ಕೇಳಲಿಲ್ಲ. ಅವರು ತಲೆಯಾಡಿಸಿ ಹೋದರು. ಮತ್ತೆ ಐದು ತಿಂಗಳು ಬರಲಿಲ್ಲ.

ಮನೆಯೊಳಗೆ ಏನಾಗುತ್ತಿತ್ತು

ಇದನ್ನೆಲ್ಲ ನನಗೆ ಆಮೇಲೆ ಹೇಳಿದ್ದು ಅವರ ಹೆಂಡತಿ. ಮೊದಲ ಮೂರು ತಿಂಗಳು ಅವರು ಎರಡೆರಡು ಅಡುಗೆ ಮಾಡಿದರು. ಹಸುವಿನ ಕೆಲಸ, ಗದ್ದೆ ಕೆಲಸ, ಅತ್ತೆ, ಮಕ್ಕಳು, ಅದರ ಮೇಲೆ ಇವರಿಗೆ ಬೇರೆ ಸಾರು. ಆಮೇಲೆ ಕೈಸೋತಿತು. ತಿಳಿಸಾರು ಬಂದದ್ದು ಹಾಗೆ. ಅವರಿಗೆ ಹೆಚ್ಚು ನೋವಾದದ್ದು ಹಾಲು ಬಿಟ್ಟಾಗ. "ನಾನು ನಾಲ್ಕು ಗಂಟೆಗೆ ಎದ್ದು ಕರೆದ ಹಾಲನ್ನು ಇವರು ಮುಟ್ಟಲ್ಲ ಅಂದ್ರೆ ನನಗೆ ಹೆಂಗಾಗಬೇಕು ಹೇಳಿ ಮೇಡಂ" ಅಂದರು.

ಊರಿನಲ್ಲಿ ಇನ್ನೂ ಕಷ್ಟ. ಅಲ್ಲಿ ಹಬ್ಬಕ್ಕೆ ಹತ್ತಾರು ಮನೆಯವರು ಸೇರಿ ಮರಿ ಕಡಿಸಿ, ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಮೇಷ್ಟ್ರು ಗುಡ್ಡೆಯಿಂದ ಹೆಸರು ತೆಗೆಸಿದರು. ಉಳಿದವರಿಗೆ ಅದು ದುಡ್ಡಿನ ಮಾತಾಗಿರಲಿಲ್ಲ, ನಮ್ಮ ಜೊತೆ ನೀನು ಇಲ್ಲ ಅಂದಂತಾಯಿತು. ಸಾಲದ್ದಕ್ಕೆ ಮೊದಲ ವರ್ಷ ಮೇಷ್ಟ್ರು ಎಲ್ಲರಿಗೂ ಪಾಠ ಹೇಳುತ್ತಿದ್ದರಂತೆ. ಬೀಗರ ಊಟದಲ್ಲಿ ಪಕ್ಕದವರ ಎಲೆ ನೋಡಿ ಇದೆಲ್ಲ ವಿಷ ಅನ್ನುವುದು, ನಿಮ್ಮ ರಕ್ತನಾಳ ಕಟ್ಟುತ್ತೆ ಅನ್ನುವುದು. ಒಬ್ಬ ಸೋದರಮಾವ ಮುಖಕ್ಕೇ ಕೇಳಿದರು: "ನಮ್ಮ ಊಟ ನಿಂಗೆ ಕೀಳಾಗೋಯ್ತೇನಪ್ಪ?"

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮಲ್ಲಿ ಮಾಂಸ ತಿನ್ನುವವರನ್ನು ಕೀಳಾಗಿ ನೋಡುವುದು, ಅವರಿಗೆ ಬಾಡಿಗೆ ಮನೆ ಕೊಡದಿರುವುದು, ಡಬ್ಬಿ ಬಿಚ್ಚಿದಾಗ ಮೂಗು ಮುಚ್ಚಿಕೊಳ್ಳುವುದು ಎಲ್ಲ ನಡೆದಿದೆ, ಈಗಲೂ ನಡೆಯುತ್ತಿದೆ. ಆ ಅವಮಾನ ಉಂಡವರ ನಡುವೆ ಕೂತು ಅವರವನೇ ಒಬ್ಬ ನಿಮ್ಮ ಊಟ ಕೆಟ್ಟದ್ದು ಅಂದರೆ ಅದು ಆರೋಗ್ಯದ ಮಾತಾಗಿ ಕೇಳಿಸುವುದಿಲ್ಲ.

2023ರ ಪಿತೃಪಕ್ಷದಲ್ಲಿ ಇದು ಒಡೆಯಿತು. ತೀರಿಕೊಂಡ ತಂದೆಗೆ ಎಡೆ ಇಡಬೇಕು. ತಂದೆಗೆ ಇಷ್ಟವಿದ್ದದ್ದು ನಾಟಿಕೋಳಿ ಸಾರು, ತಲೆ ಮಾಂಸ. ಹಿರಿಮಗನಾದ ಮೇಷ್ಟ್ರು ಎಡೆಯಲ್ಲಿ ಮಾಂಸ ಬೇಡ, ಪಾಯಸ, ವಡೆ ಇಡೋಣ ಅಂದರು. ತಾಯಿ ಅವತ್ತು ಊಟ ಮಾಡಲಿಲ್ಲ. ತಮ್ಮ ತನ್ನ ಮನೆಯಲ್ಲೇ ಬೇರೆ ಎಡೆ ಇಟ್ಟರು. ಒಂದು ಗೋಡೆಯ ಆಚೆ ಈಚೆ ಒಬ್ಬರೇ ತಂದೆಗೆ ಎರಡು ಎಡೆ.

ಕಾಲಿನ ಜೋಮು

2024ರ ಜೂನ್‌ನಲ್ಲಿ ಮೇಷ್ಟ್ರು ಮತ್ತೆ ಬಂದರು, ಈ ಸಲ ಹೆಂಡತಿ ಜೊತೆ. ಪಾದದಲ್ಲಿ ಜೋಮು, ಇರುವೆ ಹರಿದಂತೆ, ರಾತ್ರಿ ಉರಿ. ನಾಲಿಗೆ ಕೆಂಪಗೆ ನುಣ್ಣಗಾಗಿತ್ತು, ಖಾರ ತಾಗಿದರೆ ಉರಿ. ಎಲ್ಲರೂ ಸಕ್ಕರೆಯಿಂದ ಕಾಲಿನ ನರಕ್ಕೆ ಪೆಟ್ಟಾಗಿದೆ ಅಂದಿದ್ದರು. ನಾನೂ ಹಾಗೇ ಅಂದುಕೊಂಡೆ. ಹಿಮೋಗ್ಲೋಬಿನ್ 13.2 ಇತ್ತು. ರಕ್ತ ಚೆನ್ನಾಗಿದೆ, ಇನ್ನೇನು ಅಂತ.

ನಾಲಿಗೆ ನೋಡಿದ ಅವರ ವೈದ್ಯರು ಬಿ12 ಪರೀಕ್ಷೆ ಬರೆದುಕೊಟ್ಟರು. ಬಂದದ್ದು 142 ಪಿಕೋಗ್ರಾಂ. ಸಾಮಾನ್ಯವಾಗಿ 200ಕ್ಕಿಂತ ಕೆಳಗೆ ಹೋದರೆ ಕೊರತೆ ಅಂತಲೇ ಹೇಳುತ್ತಾರೆ.

ಇದು ನನ್ನ ಎರಡನೇ ತಪ್ಪು. ಬಿ12 ಜೀವಸತ್ವ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ. ಸೊಪ್ಪು, ಕಾಳು, ಹಣ್ಣಿನಲ್ಲಿ ನಂಬಿಕೊಳ್ಳುವಷ್ಟು ಇಲ್ಲ. ಹುದುಗಿದ ಇಡ್ಲಿ ಹಿಟ್ಟಿನಲ್ಲಿ, ಸ್ಪಿರುಲಿನಾದಲ್ಲಿ ಬೇಕಾದಷ್ಟಿದೆ ಅಂತ ಹೇಳುವವರಿದ್ದಾರೆ, ಅದನ್ನು ನೆಚ್ಚಿಕೊಳ್ಳಬೇಡಿ. ಚೆನ್ನಾಗಿ ತಿನ್ನುತ್ತಿದ್ದವರ ಯಕೃತ್ತು ಬಿ12 ಕೂಡಿಟ್ಟುಕೊಂಡಿರುತ್ತದೆ, ಅದು ಕೆಲವು ವರ್ಷ ಬರುತ್ತದೆ. ಹಾಗಾಗಿ ಬಿಟ್ಟು ವರ್ಷವಾಗಿದೆ ಅಷ್ಟೇ, ಇಷ್ಟು ಬೇಗ ಏನಾಗುತ್ತೆ ಅಂತ ನಾನಿದ್ದೆ. ಆದರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಕರುಳು ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಮೇಷ್ಟ್ರು ಮಾಂಸ ತಿನ್ನುತ್ತಿದ್ದ ಕಾಲದಲ್ಲೇ ಅವರ ಕೂಡಿಟ್ಟ ಗಂಟು ಕರಗುತ್ತಾ ಬಂದಿರಬೇಕು. ಬಿಟ್ಟಾಗ ಉಳಿದಿದ್ದೇ ಸ್ವಲ್ಪ. ಮಾತ್ರೆಯ ಹೆಸರನ್ನು ಜನವರಿಯಲ್ಲೇ ಬರೆದುಕೊಂಡಿದ್ದೆ. ಎರಡನ್ನೂ ಜೋಡಿಸಿ ನೋಡಲಿಲ್ಲ.

ಹಿಮೋಗ್ಲೋಬಿನ್ ಸರಿ ಇದ್ದದ್ದೂ ನಮ್ಮನ್ನು ದಾರಿ ತಪ್ಪಿಸಿತು. ರಕ್ತ ಕಡಿಮೆಯಾಗದೆಯೇ ನರಕ್ಕೆ ತೊಂದರೆ ಶುರುವಾಗಬಹುದು. ಸೊಪ್ಪು, ಕಾಳಿನಲ್ಲಿ ಸಿಗುವ ಫೋಲೇಟ್ ರಕ್ತವನ್ನು ಒಂದು ಮಟ್ಟಕ್ಕೆ ಕಾಪಾಡಿ ಕೊರತೆಯನ್ನು ಮರೆಸಬಹುದು. ಸಕ್ಕರೆ ಇರುವವರಲ್ಲಂತೂ ಕಾಲು ಜೋಮು ಅಂದ ಕೂಡಲೇ ಸಕ್ಕರೆ ಅಂತ ಬರೆದು ಮುಗಿಸುವುದು ಸುಲಭ. ನಿಮ್ಮ ಮನೆಯಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಾ ಮಾಂಸ, ಮೊಟ್ಟೆ ಬಿಡುವವರಿದ್ದರೆ ದಯವಿಟ್ಟು ಬಿಡುವ ಮೊದಲೇ ಬಿ12 ನೋಡಿಸಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಅದು ವೈದ್ಯರು ಹೇಳಬೇಕಾದ ಮಾತು.

ವೈದ್ಯರು ಚುಚ್ಚುಮದ್ದು ಶುರು ಮಾಡಿದರು, ಕೆಲವು ವಾರಗಳ ಮೇಲೆ ಮಾತ್ರೆಗೆ ಬದಲಿಸಿದರು.

ನಿಜವಾದ ಕಾರಣ

ಜೂನ್‌ನಲ್ಲಿ ಬಂದ ಆ ದಿನ ಹೆಂಡತಿ ರಕ್ತ ಪರೀಕ್ಷೆಗೆ ದುಡ್ಡು ಕಟ್ಟಲು ಹೋಗಿದ್ದರು. ನಾನು ಮೊಟ್ಟೆ ಮಾತು ಎತ್ತಲಿಲ್ಲ. ಮೇಷ್ಟ್ರೇ, ತಮ್ಮನ ಹೃದಯಕ್ಕೆ ಹೆದರಿ ಬಿಟ್ಟಿದ್ದರೆ ಮೀನು, ಮೊಟ್ಟೆಯ ಬಿಳಿ ಭಾಗ ತಿನ್ನಬಹುದಿತ್ತು, ನೀವು ಅದನ್ನೂ ತಿನ್ನುತ್ತಿಲ್ಲ, ಯಾಕೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

ಆಮೇಲೆ ಹೇಳಿದರು. ಹೊಸತೊಡಕಿಗೆ ಅಂತ ಎಂಟು ತಿಂಗಳು ಮೊದಲು ಒಂದು ಟಗರು ಮರಿ ತಂದಿದ್ದರು, ಬಂಡೂರು ತಳಿಯದ್ದು. ಶಾಲೆಯಿಂದ ಬಂದು ಇವರೇ ಹುರುಳಿ ನುಚ್ಚು ತಿನ್ನಿಸುತ್ತಿದ್ದರು. ಬೈಕಿನ ಸದ್ದು ಕೇಳಿದರೆ ಹಗ್ಗ ಎಳೆದುಕೊಂಡು ಎದ್ದು ನಿಲ್ಲುತ್ತಿತ್ತು. ಹಬ್ಬದ ದಿನ ಬೆಳಗ್ಗೆ ಕಡಿಯುವವರ ಹಿಂದೆ ಅದು ಹೋಗಲಿಲ್ಲ. ಇವರು ಹಗ್ಗ ಹಿಡಿದುಕೊಂಡರೆ ಹಿಂದೆಯೇ ಬಂತು. "ನಾನು ಕರೆದೆ ಅಂತ ಬಂತು ಮೇಡಂ" ಅಂದರು. ಅವತ್ತು ಮಧ್ಯಾಹ್ನ ತುತ್ತು ಬಾಯಿಗಿಟ್ಟು ನುಂಗಲಾಗದೆ ಹಿತ್ತಲಿಗೆ ಎದ್ದು ಹೋದರಂತೆ. ಬೇಸಾಯದ ಮನೆಯ ಗಂಡಸು, ಎಷ್ಟೋ ಮರಿ ಸಾಕಿ ಕಡಿದವರು, ಟಗರಿಗೆ ಅತ್ತರು ಅಂದರೆ ಊರು ಏನನ್ನುತ್ತೆ? ತಮ್ಮನ ಸ್ಟೆಂಟ್ ಹೇಳಲು ಸುಲಭದ ಕಾರಣವಾಗಿ ಸಿಕ್ಕಿತು.

ನನ್ನ ಲೆಕ್ಕದಲ್ಲಿ ಇದೇ ದೊಡ್ಡ ತಿರುವು. ಆರೋಗ್ಯ ಅಂತ ಹೇಳಿದ್ದಕ್ಕೆ ಎಲ್ಲರ ಬಳಿಯೂ ಉತ್ತರವಿತ್ತು. ನಾಟಿಕೋಳಿ ತಿಂದರೆ ಏನಾಗಲ್ಲ, ಮೀನು ಒಳ್ಳೆಯದು, ನಿಮ್ಮ ತಾತ ತೊಂಬತ್ತು ಬದುಕಲಿಲ್ವಾ. ಅದನ್ನು ಗೆಲ್ಲಲು ಇವರು ಇನ್ನೂ ಜೋರಾಗಿ ವಿಷ, ರಕ್ತನಾಳ ಅನ್ನಬೇಕಾಗುತ್ತಿತ್ತು. ನಾನು ಮೊಟ್ಟೆ ತಿನ್ನಿ ಅಂದದ್ದೂ ಅಂಥದ್ದೇ ಒಂದು ಉತ್ತರ. ಇದನ್ನು ಮನೆಯಲ್ಲಿ ಹೇಳಿ, ಮೊದಲು ತಾಯಿಗೆ ಹೇಳಿ ಅಂತಷ್ಟೇ ಅಂದೆ.

ಹೇಳಿದರಂತೆ. ತಾಯಿ ಬೈಯಲಿಲ್ಲ. "ಮೊದ್ಲೇ ಅನ್ನಬಾರದಿತ್ತಾ ಮಗ" ಅಂದರಂತೆ. ಆಮೇಲೆ 2024ರ ಪಿತೃಪಕ್ಷಕ್ಕೆ ದಾರಿ ತೋರಿಸಿದ್ದೂ ಅವರೇ: "ನಿಮ್ಮಪ್ಪ ತಿಂತಿದ್ದ, ಅವನಿಗೆ ಇಕ್ಕು. ನೀನು ತಿನ್ನು ಅಂತ ಯಾರಂದ್ರು?" ಮೇಷ್ಟ್ರು ಎಡೆ ಇಟ್ಟರು, ನಾಟಿಕೋಳಿ ಸಾರನ್ನೇ ಇಟ್ಟರು. ಊಟಕ್ಕೆ ಕೂತಾಗ ತಮ್ಮ ಆ ಎಡೆ ತೆಗೆದುಕೊಂಡರು. ಎರಡು ಮನೆ ಮತ್ತೆ ಒಂದೇ ಕಡೆ ಕೂತವು. ಗುಡ್ಡೆಗೂ ಮತ್ತೆ ಹೆಸರು ಬರೆಸಿದರು, ಅವರ ಪಾಲು ಹೆಂಡತಿ ಮಕ್ಕಳಿಗೆ, ತಾಯಿಗೆ. ತಾನು ತಿನ್ನದಿರುವುದು ಬೇರೆ, ತನ್ನ ಮನೆ ಬಡಿಸದಿರುವುದು ಬೇರೆ. ಇದನ್ನು ಬಿಡಿಸಿಕೊಟ್ಟದ್ದು ಶಾಲೆಗೆ ಹೋಗದ ಆ ತಾಯಿ.

ಅದೇ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಸಮ್ಮೇಳನದಲ್ಲಿ ಬಾಡೂಟ ಬೇಕು ಅನ್ನುವ ಒತ್ತಾಯ ದೊಡ್ಡ ಚರ್ಚೆಯಾಯಿತು. ಶಾಲೆಯಲ್ಲಿ ಸಹೋದ್ಯೋಗಿಗಳು ನಿಮ್ಮದೇನು ಮಾತು ಅಂತ ಕೇಳಿದರಂತೆ. ತಿನ್ನುವವರಿಗೆ ಬಡಿಸಬೇಕು, ಅದರಲ್ಲಿ ಮರ್ಯಾದೆಗೆ ಕಡಿಮೆ ಏನಿದೆ ಅಂದರು. ಸೋದರಮಾವನಿಗೆ ಯಾರೋ ಇದನ್ನು ಹೇಳಿದ್ದಾರೆ. ಅವರು ಮತ್ತೆ ಮನೆಗೆ ಬರಲು ಶುರು ಮಾಡಿದರು.

ಒಂದೇ ಮಸಾಲೆ, ಎರಡು ಪಾತ್ರೆ

ತಟ್ಟೆಯ ತೊಂದರೆ ಬಗೆಹರಿಸಿದ್ದು ಹೆಂಡತಿ. ನಾನು ಕೊಟ್ಟ ಪಟ್ಟಿಯಲ್ಲಿ ಮೊಳಕೆ ಕಾಳು, ಸಲಾಡ್ ಅಂತೆಲ್ಲ ಇತ್ತು. ಮೇಷ್ಟ್ರು ಹಸಿ ಮೊಳಕೆಯನ್ನು ಎರಡು ದಿನ ತಿಂದು ಬಿಟ್ಟರು. ಅಣಬೆ ತಂದರು, ಎಳೆ ಹಲಸಿನಕಾಯಿ ತಂದರು. ಎರಡೂ ಬಾಯಿಗೆ ಮಾಂಸದ ಹಾಗೇ ಇರುತ್ತವೆ, ರುಚಿಯೂ ಹೌದು. ಆದರೆ ಹಲಸಿನಕಾಯಿಯಲ್ಲಿ ಪ್ರೋಟೀನ್ ತೀರಾ ಕಡಿಮೆ, ಅಣಬೆಯಲ್ಲೂ ನೂರು ಗ್ರಾಂಗೆ ಮೂರು ಗ್ರಾಂ ಆಸುಪಾಸು. ಮಾಂಸದಂತೆ ಕಾಣುವುದು ಮಾಂಸದ ಕೆಲಸ ಮಾಡುತ್ತದೆ ಅಂದುಕೊಂಡು ಬಹಳ ಜನ ಇಲ್ಲಿ ಎಡವುತ್ತಾರೆ.

ಒಂದು ಭಾನುವಾರ ಹೆಂಡತಿ ಮಟನ್ ಸಾರಿಗೆ ಮಸಾಲೆ ರುಬ್ಬಿದರು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಕಾಯಿ, ಚಕ್ಕೆ, ಲವಂಗ, ಗಸಗಸೆ, ಧನಿಯಾ ಪುಡಿ. ಮಾಂಸ ಹಾಕುವ ಮೊದಲು ಅರ್ಧ ಮಸಾಲೆಯನ್ನು ಇನ್ನೊಂದು ಪಾತ್ರೆಗೆ ತೆಗೆದು ಅದಕ್ಕೆ ಮೊಳಕೆ ಬಂದ ಹುರುಳಿಕಾಳು, ಬದನೆಕಾಯಿ ಹಾಕಿದರು. ಬೇರೆ ಅಡುಗೆ ಅಂತ ಆಗಲಿಲ್ಲ, ಒಂದು ಪಾತ್ರೆ ಹೆಚ್ಚು ಅಷ್ಟೇ. ಮೇಷ್ಟ್ರು ಅವತ್ತು ಎರಡು ಮುದ್ದೆ ಉಂಡರಂತೆ. ಇಷ್ಟು ದಿನ ಅವರ ನಾಲಿಗೆ ಹುಡುಕುತ್ತಿದ್ದದ್ದು ಆ ಮಸಾಲೆಯನ್ನು, ಆ ಘಮವನ್ನು, ಮುದ್ದೆ ಜಾರಿ ಇಳಿಯುವಂಥ ಗಟ್ಟಿ ಸಾರನ್ನು.

ಅಲ್ಲಿಂದ ದಾರಿ ಸಲೀಸಾಯಿತು. ಹುರುಳಿ, ಅಲಸಂದೆ, ತೊಗರಿಯಂಥ ಒಣಕಾಳಿನಲ್ಲಿ ನೂರು ಗ್ರಾಂಗೆ ಇಪ್ಪತ್ತು ಗ್ರಾಂ ದಾಟಿ ಪ್ರೋಟೀನ್ ಇದೆ. ಕಡಲೆಕಾಯಿ ಬೀಜದಲ್ಲಿ 25ರ ಹತ್ತಿರ, ಸೋಯಾ ಉಂಡೆಯಲ್ಲಿ 50 ದಾಟುತ್ತದೆ. ಬಸ್ಸಾರು, ಮಸ್ಸೊಪ್ಪು, ಹುರುಳಿ ಕಟ್ಟಿನ ಸಾರು, ಚಳಿಗಾಲದಲ್ಲಿ ಹಿತಕಿದ ಬೇಳೆ ಸಾರು, ಇವೆಲ್ಲ ಆ ಮನೆಯಲ್ಲಿ ಮೊದಲಿಂದಲೂ ಇದ್ದವು. ಮಾಂಸದ ದಿನಗಳ ನಡುವಿನ ಅಡುಗೆ ಅಂತ ಅವಕ್ಕೆ ಬೆಲೆ ಕಡಿಮೆಯಿತ್ತು, ಅಷ್ಟೇ. ಸಂಜೆ ಬಜ್ಜಿ ಬದಲು ಹುರಿದ ಕಡಲೆಕಾಯಿ ಬೀಜ ಒಂದು ಹಿಡಿ. ಹಾಲಿಲ್ಲದಿದ್ದರೂ ಸುಣ್ಣಾಂಶಕ್ಕೆ ರಾಗಿ ಇದೆ, ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಸಿಗುತ್ತದೆ. ಜೊತೆಗೆ ಎಳ್ಳು. ಕಬ್ಬಿಣದ ಅಂಶಕ್ಕಾಗಿ ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟವಾದ ಕೂಡಲೇ ಟೀ ಕುಡಿಯಬೇಡಿ ಅಂದೆ. ಗಿಡದಿಂದ ಬರುವ ಕಬ್ಬಿಣವನ್ನು ಮೈ ಕಷ್ಟಪಟ್ಟು ಹೀರಿಕೊಳ್ಳುತ್ತದೆ. ಹುಳಿ ಅದಕ್ಕೆ ನೆರವಾಗುತ್ತದೆ, ಟೀ ತಡೆಯುತ್ತದೆ.

ಹಾಲಿನ ವಿಷಯದಲ್ಲಿ ನಾನು ಬಾಯಿ ಹಾಕಲಿಲ್ಲ. 2025ರ ಬೇಸಿಗೆಯಲ್ಲಿ ಮೇಷ್ಟ್ರೇ ಮನೆಯ ಮಜ್ಜಿಗೆ ಕುಡಿಯಲು ಶುರು ಮಾಡಿದರು. ಕಾರಣ ಕೇಳಿದರೆ, ಹಸುವಿಗೆ ಹುಲ್ಲು ಹಾಕೋದು ನಾನೂ ಕಲಿತೆ ಅಂದರು. ಅದನ್ನು ನಾನು ಸೋಲು ಅಂತ ಬರೆದುಕೊಂಡಿಲ್ಲ. ಮಜ್ಜಿಗೆಯಿಂದ ಸಿಗುವ ಬಿ12 ಅವರಿಗೆ ಸಾಲುವುದಿಲ್ಲ, ಮಾತ್ರೆ ನಿಲ್ಲಿಸಬಾರದು ಅಂತ ಮಾತ್ರ ಎರಡು ಸಲ ಹೇಳಿದ್ದೇನೆ.

ಈಗ

2025ರ ಮೇ ತಿಂಗಳ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 7.0, ಬಿ12 430. ಸುಸ್ತಿಲ್ಲ, ನಾಲಿಗೆ ಸರಿಹೋಗಿದೆ. ಪಾದದ ಉರಿ ಹೋಗಿದೆ, ಆದರೆ ಎರಡೂ ಕಾಲಿನ ಬೆರಳ ತುದಿಯಲ್ಲಿ ಜೋಮು ಉಳಿದಿದೆ. ಅದರಲ್ಲಿ ಸಕ್ಕರೆಯ ಪಾಲೆಷ್ಟು, ಬಿ12ರ ಪಾಲೆಷ್ಟು ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಜನವರಿಯಲ್ಲೇ ಪರೀಕ್ಷೆ ಮಾಡಿಸಿದ್ದರೆ ಐದು ತಿಂಗಳು ಉಳಿಯುತ್ತಿತ್ತು, ಅದು ನನ್ನನ್ನು ಈಗಲೂ ಕಾಡುತ್ತದೆ. ಈಗ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಯಾರೇ ಬಂದರೂ, ಅವರು ಏನೇ ತಿನ್ನುತ್ತಿರಲಿ, ಬಿ12 ನೋಡಿಸಿದ್ದೀರಾ ಅಂತ ಮೊದಲು ಕೇಳುತ್ತೇನೆ. ಯಾಕೆ ಬಿಟ್ಟಿರಿ ಅಂತ ಕೇಳುವಾಗ ಮೊದಲ ಉತ್ತರಕ್ಕೇ ನಿಲ್ಲಿಸುವುದಿಲ್ಲ.

ಬೀಗರ ಊಟ ಮಾತ್ರ ಇನ್ನೂ ಕಷ್ಟವೇ. ಅಲ್ಲಿ ತಿನ್ನದವರಿಗೆ ಅನ್ನ, ಸಾರು, ಮಜ್ಜಿಗೆ ಬಿಟ್ಟರೆ ಬೇರೆ ಇರುವುದಿಲ್ಲ. ಮೇಷ್ಟ್ರು ಮನೆಯಲ್ಲೇ ಅರ್ಧ ಮುದ್ದೆ ಉಂಡು, ಜೇಬಿನಲ್ಲಿ ಕಡಲೆಕಾಯಿ ಬೀಜ ಇಟ್ಟುಕೊಂಡು ಹೋಗುತ್ತಾರೆ. ಹೋಗಿ ಎಲ್ಲರ ಜೊತೆ ಪಂಕ್ತಿಯಲ್ಲೇ ಕೂರುತ್ತಾರೆ. ಮುಂದಿನ ರಕ್ತ ಪರೀಕ್ಷೆ ಡಿಸೆಂಬರ್‌ಗೆ ಇಟ್ಟಿದ್ದೇವೆ. ಅಷ್ಟು ಹೊತ್ತಿಗೆ ಅವರೆಕಾಯಿ ಬಂದಿರುತ್ತೆ ಮೇಡಂ, ಸೊಗಡಿನ ಕಾಯಿ ತಂದುಕೊಡ್ತೀನಿ ಅಂದಿದ್ದಾರೆ.